ತಂಬಸ್, ತಂಗ್ಯೋ, ತಂದೆ, ತಾಯಿ: ಕುರುಖ್ ಭಾಷೆಯ ನೆಂಟಸ್ತಿಕೆ ಪದಗಳ ಒಳಗೆ ಏನಿದೆ?

‘ನನ್ನ ಅಪ್ಪ’ ಅಂತ ನಾವು ಬರೆಯುತ್ತೇವೆ. ಮಾತಾಡುವಾಗ ಹಾಗೆ ಅನ್ನುವವರು ಕಡಿಮೆ. ‘ನಮ್ಮಪ್ಪ ಊರಿಗೆ ಹೋಗಿದಾರೆ’, ‘ನಿಮ್ಮಮ್ಮ ಹೇಗಿದಾರೆ?’, ‘ಅವರಣ್ಣ ಬಂದಿದ್ರು’. ಹೀಗೇ ಅಲ್ವಾ? ಮನೆಗೆ ಒಬ್ಬನೇ ಮಗನಾದರೂ ‘ನಮ್ಮಪ್ಪ’ ಅಂತಲೇ ಅನ್ನುತ್ತಾನೆ. ವ್ಯಾಕರಣದ ಲೆಕ್ಕದಲ್ಲಿ ಇಲ್ಲಿ ಎರಡು ಪದಗಳಿವೆ. ಬಾಯಿಗೆ ಮಾತ್ರ ಅದು ಒಂದೇ.

ಕನ್ನಡದ ಹಾಗೆಯೇ ದ್ರಾವಿಡ ಕುಟುಂಬಕ್ಕೆ ಸೇರಿದ ಕುರುಖ್ ಭಾಷೆಯಲ್ಲಿ ಈ ಬೆಸುಗೆ ಇನ್ನೂ ಗಟ್ಟಿ. ಅಲ್ಲಿ ಎರಡು ತುಂಡು ಸೇರಿ ನಿಜವಾಗಿಯೂ ಒಂದು ಪದವಾಗಿದೆ. ಕಿತ್ತು ಬೇರೆ ಮಾಡಲು ಬರುವುದಿಲ್ಲ.

ಕುರುಖ್ ಮಾತಾಡುವವರು ಒರಾಂವ್ ಬುಡಕಟ್ಟಿನ ಜನ. ಜಾರ್ಖಂಡ್‌ನ ಛೋಟಾನಾಗಪುರ ಪ್ರಸ್ಥಭೂಮಿ ಅವರ ನೆಲೆ. ರಾಂಚಿ, ಗುಮ್ಲಾ, ಲೋಹರ್‌ದಗಾ ಸುತ್ತ ಜಾಸ್ತಿ ಇದ್ದಾರೆ. ಛತ್ತೀಸ್‌ಗಢದ ಜಶ್‌ಪುರ, ಒಡಿಶಾದ ಸುಂದರ್‌ಗಢ ಕಡೆಗೂ ಇದ್ದಾರೆ. ಬಂಗಾಳ ಮತ್ತು ಅಸ್ಸಾಮಿನ ಚಹಾ ತೋಟಗಳಿಗೆ ಕೂಲಿಗೆಂದು ಹೋದವರ ಮಕ್ಕಳು ಮೊಮ್ಮಕ್ಕಳು ಅಲ್ಲೇ ನೆಲೆಸಿದ್ದಾರೆ. 2011ರ ಜನಗಣತಿಯಲ್ಲಿ ಕುರುಖ್ ತಮ್ಮ ಮಾತೃಭಾಷೆ ಅಂತ ಬರೆಸಿದವರು ಹತ್ತಿರ ಹತ್ತಿರ 20 ಲಕ್ಷ. ಇಷ್ಟು ಜನ ಇರುವಾಗ ಭಾಷೆಗೆ ಏನು ಅಪಾಯ ಅಂತ ಅನಿಸಬಹುದು. ಆದರೆ ಅದೇ ಗಣತಿಯಲ್ಲಿ ಒರಾಂವ್ ಬುಡಕಟ್ಟಿಗೆ ಸೇರಿದವರು 30 ಲಕ್ಷಕ್ಕೂ ಜಾಸ್ತಿ ಇದ್ದರು. ಅಂದರೆ ಲಕ್ಷಾಂತರ ಮಂದಿ ಒರಾಂವ್‌ರಾಗಿಯೇ ಉಳಿದಿದ್ದಾರೆ, ಭಾಷೆ ಮಾತ್ರ ಅವರ ಕೈ ಬಿಟ್ಟಿದೆ. ಯುನೆಸ್ಕೋ ಕೂಡ ಕುರುಖ್ ಅನ್ನು ಅಪಾಯದ ಅಂಚಿನ ಭಾಷೆಗಳ ಪಟ್ಟಿಯಲ್ಲಿಟ್ಟಿದೆ.

ಈಗ ಪದಗಳಿಗೆ ಬರೋಣ. ಕುರುಖ್‌ನಲ್ಲಿ ‘ಎಂಬಸ್’ ಅಂದರೆ ನಮ್ಮಪ್ಪ. ‘ನಿಂಬಸ್’ ಅಂದರೆ ನಿಮ್ಮಪ್ಪ. ‘ತಂಬಸ್’ ಅಂದರೆ ಅವರಪ್ಪ. ತಾಯಿಗೂ ಹೀಗೆಯೇ ಮೂರು ಪದ: ‘ಇಂಗ್ಯೋ’ ನಮ್ಮಮ್ಮ, ‘ನಿಂಗ್ಯೋ’ ನಿಮ್ಮಮ್ಮ, ‘ತಂಗ್ಯೋ’ ಅವರಮ್ಮ. ಮಗನಿಗೂ ಅಷ್ಟೇ: ‘ಎಂಗ್ದಸ್’, ‘ನಿಂಗ್ದಸ್’, ‘ತಂಗ್ದಸ್’.

ಇವನ್ನು ಒಮ್ಮೆ ಬಾಯಿಬಿಟ್ಟು ಹೇಳಿ ನೋಡಿ. ಮೊದಲ ತುಂಡಿನಲ್ಲಿ ಕೂತಿರುವುದು ಸರ್ವನಾಮ. ಕುರುಖ್‌ನಲ್ಲಿ ‘ಏನ್’ ಅಂದರೆ ನಾನು, ‘ನೀನ್’ ಅಂದರೆ ನೀನು, ‘ತಾನ್’ ಅಂದರೆ ತಾನು. ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಯೇ ಇಲ್ಲ! ಹಿಂದಿನ ತುಂಡು ಸಂಬಂಧದ್ದು. ಅಪ್ಪನನ್ನು ಕೂಗುವಾಗ ‘ಬಾ’, ಅಮ್ಮನನ್ನು ಕೂಗುವಾಗ ‘ಅಯೋ’. ಕೊನೆಯ ‘ಸ್’ ಗಂಡಸು ಅನ್ನುವುದರ ಗುರುತು, ನಮ್ಮ ‘ಅವನು’, ‘ಮಗನು’ ಪದಗಳ ಕೊನೆಯ ‘ನು’ ಇದ್ದ ಹಾಗೆ. ಕುರುಖ್‌ನಲ್ಲಿ ‘ಆಲಸ್’ ಅಂದರೆ ಗಂಡಸು. ‘ತಂಗ್ಯೋ’ ಹೆಂಗಸು, ಹಾಗಾಗಿ ಅಲ್ಲಿ ‘ಸ್’ ಇಲ್ಲ.

ಅಪ್ಪನನ್ನು ಕೂಗಿ ಕರೆಯುವಾಗ ಬರೀ ‘ಬಾ’ ಸಾಕು. ಎದುರಿಗೇ ಇರುವವರಿಗೆ ‘ಯಾರ ಅಪ್ಪ’ ಅಂತ ಹೇಳಬೇಕಿಲ್ಲ. ಆದರೆ ಅಪ್ಪನ ಬಗ್ಗೆ ಇನ್ನೊಬ್ಬರ ಹತ್ತಿರ ಮಾತಾಡಲು ಬಾಯಿ ತೆರೆದ ಕೂಡಲೇ, ಅವನು ಯಾರಿಗೆ ಅಪ್ಪ ಅನ್ನುವುದು ಪದದೊಳಗೇ ಬಂದುಬಿಡುತ್ತದೆ. ಕರೆಯುವ ಪದ ಬೇರೆ, ಹೇಳುವ ಪದ ಬೇರೆ. ಈ ಭೇದ ನೆನಪಿರಲಿ. ಭಾಷೆ ಹೇಗೆ ಸವೆಯುತ್ತದೆ ಅನ್ನುವಾಗ ಇದು ಮತ್ತೆ ಬರುತ್ತದೆ.

ಇದು ಮಾತಿನಲ್ಲಿ ಹೇಗೆ ಕೆಲಸ ಮಾಡುತ್ತದೆ ಅಂತ ಹತ್ತಿರದಿಂದ ನೋಡಲು ಒಂದು ಕಥೆ ಸಾಕು. ಬ್ರಿಟಿಷರ ಕಾಲದ ಅಧಿಕಾರಿ ಗ್ರಿಯರ್ಸನ್ ಭಾರತದ ಭಾಷೆಗಳ ಸಮೀಕ್ಷೆ ಮಾಡಿಸಿದಾಗ ಬೈಬಲಿನ ಪೋಲಿಹೋದ ಮಗನ ಕಥೆಯನ್ನು ಭಾಷೆಯಿಂದ ಭಾಷೆಗೆ ಮಾಡಿಸಿದ್ದರು. ಹೋಲಿಸಿ ನೋಡಲು ಅನುಕೂಲ ಅಂತ. ಕಿರಿಯ ಮಗ ಪಾಲು ಕೇಳಿ ಮನೆ ಬಿಡುತ್ತಾನೆ. ಎಲ್ಲ ಕಳೆದುಕೊಂಡು ಹಸಿದು ಕೂತಾಗ ‘ಎದ್ದು ನಮ್ಮಪ್ಪನ ಹತ್ತಿರ ಹೋಗುತ್ತೇನೆ’ ಅಂದುಕೊಳ್ಳುತ್ತಾನೆ. ಆ ಜಾಗದಲ್ಲಿ ಕುರುಖ್‌ಗೆ ಬೇಕಾದದ್ದು ‘ಎಂಬಸ್’. ‘ಅವನು ಎದ್ದು ಅಪ್ಪನ ಹತ್ತಿರ ಬಂದ’ ಅಂತ ಕಥೆ ಹೇಳುವವನು ಹೇಳುವಾಗ ಬೇಕಾದದ್ದು ‘ತಂಬಸ್’. ಹೊಲದಿಂದ ಬಂದ ಹಿರಿಯ ಮಗನಿಗೆ ಆಳು ‘ನಿನ್ನ ತಮ್ಮ ಬಂದಿದ್ದಾನೆ, ನಿಮ್ಮಪ್ಪ ಹಬ್ಬದೂಟ ಮಾಡಿಸಿದ್ದಾರೆ’ ಅನ್ನುವಾಗ ಬೇಕಾದದ್ದು ‘ನಿಂಬಸ್’. ಮನುಷ್ಯ ಒಬ್ಬನೇ, ಅದೇ ಮುದುಕ. ಮೂರು ಬಾಯಲ್ಲಿ ಮೂರು ಪದ. ಯಾರು, ಯಾರ ಎದುರು ನಿಂತು, ಯಾರ ಅಪ್ಪನ ಮಾತಾಡುತ್ತಿದ್ದಾರೆ ಅನ್ನುವುದೆಲ್ಲ ಆ ಒಂದು ಪದದಲ್ಲೇ ಗೊತ್ತಾಗುತ್ತದೆ.

ಕನ್ನಡದ ಓದುಗರಿಗೆ ಇದು ದೂರದ ಸಂಗತಿ ಅನಿಸಬಾರದು. ನಮ್ಮದೇ ‘ತಂದೆ’, ‘ತಾಯಿ’, ‘ತಮ್ಮ’, ‘ತಂಗಿ’ ಪದಗಳನ್ನು ಸಾಲಾಗಿ ಇಟ್ಟು ನೋಡಿ. ನಾಲ್ಕೂ ‘ತ’ದಿಂದಲೇ ಶುರುವಾಗುತ್ತವೆ. ಇದು ಆಕಸ್ಮಿಕ ಅಲ್ಲ. ಆ ‘ತ’ ‘ತಾನು, ತನ್ನ, ತಮ್ಮ’ ಅನ್ನುವ ಸರ್ವನಾಮದ್ದು. ‘ಆಯ್’ ಅಂದರೆ ಅಮ್ಮ, ಅದಕ್ಕೆ ‘ತ’ ಸೇರಿ ‘ತಾಯ್’. ಕುರುಖ್‌ನ ‘ಅಯೋ’ ಮತ್ತು ‘ತಂಗ್ಯೋ’ ಕೂಡ ಇದೇ ಅಚ್ಚಿನಲ್ಲಿ ಹುಟ್ಟಿದವು. ‘ತಮ್ಮ’ ಅನ್ನುವುದರ ಹಳೆಯ ರೂಪದಲ್ಲಿ ‘ತಂ’ ಜತೆಗೆ ‘ಪಿನ್’, ಅಂದರೆ ‘ಹಿಂದೆ’ ಅನ್ನುವ ಪದ ಇದೆ. ತಮ್ಮ ಹಿಂದೆ ಹುಟ್ಟಿದವನು. ತಮಿಳಿನ ‘ತಂಬಿ’ಯಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ.

ಹಾಗಾದರೆ ‘ನನ್ನ’ ಮತ್ತು ‘ನಿನ್ನ’ ಸೇರಿದ ಪದಗಳು ಎಲ್ಲಿ ಹೋದವು? ಸಂಗಂ ಕಾಲದ ತಮಿಳಿನಲ್ಲಿ ಅವು ಪೂರ್ತಿ ಇದ್ದವು. ‘ಎಂದೈ’ ನಮ್ಮಪ್ಪ, ‘ನುಂದೈ’ ನಿಮ್ಮಪ್ಪ, ‘ತಂದೈ’ ಅವರಪ್ಪ. ‘ಯಾಯ್’ ನಮ್ಮಮ್ಮ, ‘ಞಾಯ್’ ನಿಮ್ಮಮ್ಮ, ‘ತಾಯ್’ ಅವರಮ್ಮ. ಕುರುಖ್‌ನ ಪಟ್ಟಿ ಪಕ್ಕದಲ್ಲಿಟ್ಟರೆ ಒಂದೇ ಮಗ್ಗದ ಬಟ್ಟೆ. ಆಮೇಲೆ ದಕ್ಷಿಣದ ಭಾಷೆಗಳಲ್ಲಿ ಮೊದಲ ಎರಡು ಸಾಲು ಮರೆಯಾದವು. ‘ತ’ ಸಾಲು ಮಾತ್ರ ಉಳಿಯಿತು. ಉಳಿದರೂ ಅದರೊಳಗಿನ ‘ಅವರ’ ಅನ್ನುವ ಅರ್ಥ ಆರಿಹೋಯಿತು. ಇವತ್ತು ನಾವು ‘ನಿಮ್ಮ ತಂದೆ’ ಅನ್ನುವಾಗ, ಹಳೆಯ ಲೆಕ್ಕದಲ್ಲಿ ‘ನಿಮ್ಮ ಅವರಪ್ಪ’ ಅಂದಂತೆ. ನಮಗದು ಗೊತ್ತೇ ಆಗುವುದಿಲ್ಲ.

ಒರಾಂವ್ ಹಿರಿಯರು ತಾವು ಕರ್ನಾಟಕದ ಕಡೆಯಿಂದ ಬಂದವರು ಅಂತ ಹೇಳುತ್ತಿದ್ದದ್ದು ಗ್ರಿಯರ್ಸನ್ ಸಮೀಕ್ಷೆಯಲ್ಲೇ ದಾಖಲಾಗಿದೆ. ಅದು ಬಾಯಿಂದ ಬಾಯಿಗೆ ಬಂದ ಮಾತು, ಚರಿತ್ರೆಯ ಪುರಾವೆ ಅಂತ ಹಿಡಿಯಲಾಗದು. ಪದಗಳ ನೆಂಟಸ್ತಿಕೆಗೆ ಮಾತ್ರ ಪುರಾವೆ ಬೇಕಾದಷ್ಟಿದೆ. ನಾವು ಕಳೆದುಕೊಂಡ ಎರಡು ಸಾಲನ್ನು ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದೂರದಲ್ಲಿ ಒಂದು ಜನ ಇವತ್ತಿಗೂ ಅಡುಗೆಮನೆಯಲ್ಲಿ, ಹೊಲದಲ್ಲಿ ಬಳಸುತ್ತಿದ್ದಾರೆ ಅನ್ನುವುದು ನನಗೆ ತುಂಬಾ ದೊಡ್ಡ ವಿಷಯ. ಕನ್ನಡದ ಹಳೆಯ ರೂಪ ತಿಳಿಯಲು ಶಾಸನ ಓದುತ್ತೇವೆ, ಪಂಪನನ್ನು ಓದುತ್ತೇವೆ. ಅದಕ್ಕಿಂತ ಹಿಂದಿನದನ್ನು ಕಾಣಬೇಕಾದರೆ ಗುಮ್ಲಾದ ಹಳ್ಳಿಯ ಅಜ್ಜಿಯ ಮಾತಿಗೆ ಕಿವಿ ಕೊಡಬೇಕು.

ಅದೇ ನೆಲದಲ್ಲಿ ಒರಾಂವ್‌ರ ಪಕ್ಕದಲ್ಲೇ ಮುಂಡಾ ಜನ ಇದ್ದಾರೆ. ಅವರ ಮುಂಡಾರಿ ಭಾಷೆ ದ್ರಾವಿಡ ಅಲ್ಲವೇ ಅಲ್ಲ. ಖಾಸಿ, ಖ್ಮೇರ್ ಭಾಷೆಗಳಿರುವ ಬೇರೆಯೇ ಕುಟುಂಬದ್ದು. ಆದರೂ ಅಲ್ಲಿ ‘ಅಪುಞ್’ ಅಂದರೆ ನಮ್ಮಪ್ಪ, ‘ಅಪುಮ್’ ಅಂದರೆ ನಿಮ್ಮಪ್ಪ, ‘ಅಪುತೆ’ ಅಂದರೆ ಅವರಪ್ಪ. ಕುರುಖ್‌ನಲ್ಲಿ ಮುಂದೆ ಅಂಟುವ ಸರ್ವನಾಮ ಇಲ್ಲಿ ಹಿಂದೆ ಅಂಟುತ್ತದೆ. ಯೋಚನೆ ಒಂದೇ.

ಏಕೆ ಹೀಗೆ? ಮನೆ, ಎತ್ತು, ಕೊಡಲಿ ಇವು ಇವತ್ತು ನನ್ನವು, ನಾಳೆ ಮಾರಿದರೆ ಇನ್ನೊಬ್ಬರವು. ಕೈ, ಕಣ್ಣು, ಅಪ್ಪ, ಮಗಳು ಹಾಗಲ್ಲ. ಯಾರದೋ ಆಗಿಯೇ ಇರುತ್ತವೆ. ಯಾರ ಕೈಯೂ ಅಲ್ಲದ ಕೈ ಇಲ್ಲ, ಯಾರ ಅಪ್ಪನೂ ಅಲ್ಲದ ಅಪ್ಪ ಇಲ್ಲ. ಪ್ರಪಂಚದ ಅನೇಕ ಭಾಷೆಗಳು ಈ ವ್ಯತ್ಯಾಸವನ್ನು ವ್ಯಾಕರಣದಲ್ಲೇ ಇಟ್ಟುಕೊಂಡಿವೆ. ಭಾಷಾಶಾಸ್ತ್ರದವರು ಇದನ್ನು ಬಿಡಿಸಲಾಗದ ಒಡೆತನ ಅನ್ನುತ್ತಾರೆ. ಅಂಡಮಾನಿನ ಗ್ರೇಟ್ ಅಂಡಮಾನೀಸ್ ಭಾಷೆಗಳಲ್ಲಿ ಇದು ತುತ್ತತುದಿಗೆ ಹೋಗಿದೆ. ಭಾಷಾಶಾಸ್ತ್ರಜ್ಞೆ ಅನ್ವಿತಾ ಅಬ್ಬಿ ಅವರು ವರ್ಷಗಟ್ಟಲೆ ಅಲ್ಲಿ ಕೆಲಸ ಮಾಡಿ ತೋರಿಸಿದ ಹಾಗೆ, ಅಲ್ಲಿ ಮೈಯನ್ನು 7 ಭಾಗ ಮಾಡಿ ಒಂದೊಂದಕ್ಕೆ ಒಂದೊಂದು ಪೂರ್ವ ಪ್ರತ್ಯಯ ಇದೆ. ನೆಂಟಸ್ತಿಕೆಯ ಪದಗಳಿಗೂ ಅಂಥದೇ ಪ್ರತ್ಯಯ ಸೇರಲೇಬೇಕು. ಅಂಗ ಮತ್ತು ನೆಂಟರು ಒಂದೇ ಗುಂಪು. ಆ ಕುಟುಂಬದ ‘ಬೋ’ ಭಾಷೆಯ ಕೊನೆಯ ಮಾತುಗಾರ್ತಿ ಬೋವಾ ಸೀನಿಯರ್ 2010ರ ಜನವರಿಯಲ್ಲಿ ತೀರಿಕೊಂಡರು. ಅದಕ್ಕೂ ಮೊದಲು ಎಷ್ಟೋ ವರ್ಷ ಅವರಿಗೆ ತಮ್ಮ ಭಾಷೆಯಲ್ಲಿ ಮಾತಾಡಲು ಒಬ್ಬರೂ ಇರಲಿಲ್ಲ. ‘ನಿಮ್ಮಪ್ಪ’ ಅನ್ನುವ ಪದ ಹೇಳಲು ಎದುರಿಗೆ ಒಬ್ಬ ‘ನೀನು’ ಬೇಕು. ಅದೇ ಇಲ್ಲದಾಗಿತ್ತು.

ಕುರುಖ್‌ಗೆ ಅಂಥ ಗತಿ ಬಂದಿಲ್ಲ. ಅಲ್ಲಿ ಆಗುತ್ತಿರುವುದು ನಿಧಾನದ ಸವೆತ. ಸಂತೆಯಲ್ಲಿ, ಬಸ್ಸಿನಲ್ಲಿ ಆ ಕಡೆ ಎಲ್ಲರಿಗೂ ಬರುವ ಸಾದ್ರಿ ಮಾತು, ಅದಕ್ಕೇ ನಾಗಪುರಿ ಅಂತಲೂ ಹೆಸರು. ಶಾಲೆಯಲ್ಲಿ, ಕಚೇರಿಯಲ್ಲಿ ಹಿಂದಿ. ಈ ಭಾಷೆಗಳಲ್ಲಿ ‘ಬಾಪ್’ ತಾನೇ ತಾನಾಗಿ ನಿಲ್ಲುವ ಪದ. ಯಾರ ಬಾಪ್ ಅನ್ನುವುದನ್ನು ಬೇರೆ ಪದ ಹೇಳುತ್ತದೆ. ಹಿಂದಿಯ ಜತೆ ಬಹಳ ಕಾಲ ಇದ್ದ ಕುರುಖ್ ಅಲ್ಲಿಂದ ‘ಕಾಕಾ’, ‘ಮಾಮೂ’ ಪದಗಳನ್ನು ತೆಗೆದುಕೊಂಡಿದೆ. ತನ್ನ ‘ಸ್’ ಅಂಟಿಸಿ ‘ಕಕಾಸ್’, ‘ಮಾಮುಸ್’ ಮಾಡಿಕೊಂಡಿದೆ. ಆದರೆ ಈ ಹೊಸ ಪದಗಳಿಗೆ ‘ಎಂ, ನಿಂ, ತಂ’ ಅಂಟುವುದಿಲ್ಲ. ‘ಎಂಗ್ಹಯ್ ಕಕಾಸ್’ ಅಂತ ‘ನನ್ನ’ ಅನ್ನುವುದನ್ನು ಬಿಡಿಯಾಗಿ ಹೇಳಬೇಕು. ಸಾಲ ತಂದ ಪದಕ್ಕೆ ಗಂಡಸಿನ ಗುರುತು ಸಿಕ್ಕಿತು, ಒಳಮನೆಗೆ ಪ್ರವೇಶ ಸಿಗಲಿಲ್ಲ. ಹಳೆಯ ಬೆಸುಗೆ ತೀರಾ ಹತ್ತಿರದ ಕೆಲವೇ ಸಂಬಂಧಗಳಲ್ಲಿ ಉಳಿದಿದೆ.

ಮುಂದಿನ ಹೆಜ್ಜೆ ಊಹಿಸುವುದು ಕಷ್ಟವಲ್ಲ. ಮೊದಲು ಬದಲಾಗುವುದು ಕರೆಯುವ ಪದ. ಮಗು ‘ಬಾ’ ಬಿಟ್ಟು ‘ಪಾಪಾ’ ಅನ್ನುತ್ತದೆ. ಮನೆಯವರಿಗೂ ಅದು ಖುಷಿ, ಶಾಲೆಗೆ ಹೊಂದುತ್ತದೆ ಅಂತ. ಅಪ್ಪನ ಬಗ್ಗೆ ಹೇಳುವಾಗ ‘ಎಂಬಸ್’ ಇನ್ನೂ ಸ್ವಲ್ಪ ದಿನ ಇರುತ್ತದೆ. ಆಮೇಲೆ ಅಲ್ಲಿಗೂ ‘ಪಾಪಾ’ ಬರುತ್ತದೆ. ‘ಪಾಪಾ’ಕ್ಕೆ ಮೂರು ರೂಪಗಳಿಲ್ಲ. ಅಲ್ಲಿಗೆ ಒಂದು ಪದ ಹೋಗಿ ಇನ್ನೊಂದು ಬಂತು ಅಂತ ಅಷ್ಟೇ ಆಗುವುದಿಲ್ಲ. ಪದ ಕಟ್ಟುವ ಒಂದು ವಿಧಾನವೇ ಮನೆಯಿಂದ ಹೊರಗೆ ಹೋಗುತ್ತದೆ. ಉಳಿದ ಕುರುಖ್ ಮಾತು ಚೆನ್ನಾಗಿಯೇ ನಡೆಯುತ್ತಿರುತ್ತದೆ, ಹಾಗಾಗಿ ಯಾರಿಗೂ ಗಾಬರಿ ಆಗುವುದಿಲ್ಲ. ಭಾಷೆ ಸಾಯುವುದು ಕೊನೆಯ ಮಾತುಗಾರ ಸತ್ತಾಗ ಅಂತ ನಾವು ಅಂದುಕೊಳ್ಳುತ್ತೇವೆ. ನನ್ನ ಪ್ರಕಾರ ಅದು ಅದಕ್ಕಿಂತ ಎಷ್ಟೋ ಮೊದಲೇ, ಲಕ್ಷಗಟ್ಟಲೆ ಜನ ಮಾತಾಡುತ್ತಿರುವಾಗಲೇ, ಒಂದೊಂದು ಕೋಣೆಯಾಗಿ ಖಾಲಿ ಆಗುತ್ತದೆ.

ನಮ್ಮ ಹತ್ತಿರದ ನೀಲಗಿರಿಯಲ್ಲಿ ಇನ್ನೊಂದು ಬಗೆಯ ಉದಾಹರಣೆ ಇದೆ. ತೋಡರು ಈಗ ಸುಮಾರು 2 ಸಾವಿರ ಜನ. ಅವರ ಭಾಷೆಯಲ್ಲಿ ‘ಮುನ್’ ಅಂದರೆ ತಾಯಿಯ ಅಣ್ಣತಮ್ಮ, ಹೆಂಡತಿಯ ಅಪ್ಪನೂ ಹೌದು. ‘ಮುಮಿ’ ಅಂದರೆ ಅಪ್ಪನ ಅಕ್ಕತಂಗಿ, ಅತ್ತೆಯೂ ಹೌದು. ನಮ್ಮ ‘ಮಾವ’, ‘ಅತ್ತೆ’ ಇದ್ದ ಹಾಗೆಯೇ. ಸೋದರ ಮಾವನ ಮಕ್ಕಳಿಗೆ ಮತ್ತು ಅಪ್ಪನ ಅಕ್ಕತಂಗಿಯರ ಮಕ್ಕಳಿಗೆ ಅಲ್ಲಿ ‘ಮಚ್ಚುನಿ’. ನಮ್ಮ ‘ಮೈದುನ’ನ ಬಳಗದ ಪದ. ಯಾರನ್ನು ಮದುವೆ ಆಗಬಹುದು, ಯಾರನ್ನು ಆಗಬಾರದು ಅನ್ನುವ ನಕ್ಷೆ ಈ ಪದಗಳಲ್ಲೇ ಇದೆ. ಅಪ್ಪ ಅನ್ನುವ ಪದದ ವಿಷಯ ಇನ್ನೂ ಸ್ವಾರಸ್ಯದ್ದು. ಹಿಂದೆ ತೋಡರಲ್ಲಿ ಅಣ್ಣತಮ್ಮಂದಿರು ಒಬ್ಬಳನ್ನೇ ಮದುವೆ ಆಗುವ ಪದ್ಧತಿ ಇತ್ತು. ಹುಟ್ಟಲಿರುವ ಮಗುವಿಗೆ ಅಪ್ಪ ಯಾರು ಅನ್ನುವುದನ್ನು ಒಂದು ಶಾಸ್ತ್ರ ನಿರ್ಧರಿಸುತ್ತಿತ್ತು. ಬಸುರಿಗೆ ಬಿಲ್ಲು ಬಾಣ ಕೊಟ್ಟವನೇ ಅಪ್ಪ. ಮುಂದೆ ಇನ್ನೊಬ್ಬ ಆ ಶಾಸ್ತ್ರ ಮಾಡುವ ತನಕ ಹುಟ್ಟುವ ಮಕ್ಕಳಿಗೂ ಅವನೇ ಅಪ್ಪ. ಅಲ್ಲಿ ‘ಅಪ್ಪ’ ಅನ್ನುವುದು ರಕ್ತದಿಂದ ಬಂದ ಹೆಸರಲ್ಲ, ಊರೆದುರು ಹೊತ್ತುಕೊಂಡ ಜವಾಬ್ದಾರಿ. ಇಂಥ ಪದವನ್ನು ನಿಘಂಟಿನಲ್ಲಿ ಸುಮ್ನೆ ‘ತಂದೆ’ ಅಂತ ಬರೆದರೆ ಏನು ತಿಳಿಯುತ್ತದೆ?

ಇಲ್ಲೇ ದಾಖಲಾತಿಯ ಪ್ರಶ್ನೆ ಬರುವುದು. ಅಳಿವಿನ ಅಂಚಿನ ಭಾಷೆಗಳನ್ನು ದಾಖಲಿಸುವ ಕೆಲಸ ಸಾಮಾನ್ಯವಾಗಿ ಪದಪಟ್ಟಿಯಿಂದ ಶುರುವಾಗುತ್ತದೆ. ನೀರು, ಬೆಂಕಿ, ಕಣ್ಣು, ತಂದೆ, ತಾಯಿ. ಒಂದು ಹಳ್ಳಿಯಲ್ಲಿ ಹೀಗೆ ನಡೆಯಿತು ಅಂದುಕೊಳ್ಳಿ. ಪಟ್ಟಿ ಹಿಡಿದು ಬಂದವರು ಹಿಂದಿಯಲ್ಲಿ ‘ಪಿತಾಗೆ ನಿಮ್ಮಲ್ಲಿ ಏನಂತಾರೆ?’ ಅಂತ ಕೇಳುತ್ತಾರೆ. ಎದುರಿಗಿದ್ದ ಹೆಂಗಸಿಗೆ ಒಂದು ಕ್ಷಣ ಗೊಂದಲ. ಯಾರ ಪಿತಾ? ತನ್ನ ಅಪ್ಪನನ್ನು ನೆನೆಸಿಕೊಂಡು ‘ಎಂಬಸ್’ ಅಂದರೆ ಪುಸ್ತಕದಲ್ಲಿ ‘ತಂದೆ = ಎಂಬಸ್’ ಅಂತ ಬರುತ್ತದೆ. ಪಕ್ಕದ ಊರಿನಲ್ಲಿ ಇನ್ನೊಬ್ಬರು, ಕೇಳಲು ಬಂದವರ ಅಪ್ಪ ಅಂದುಕೊಂಡು ‘ನಿಂಬಸ್’ ಅನ್ನಬಹುದು. ಎರಡನ್ನೂ ನೋಡಿದವರಿಗೆ ಇದು ಊರಿಂದ ಊರಿಗೆ ಬದಲಾಗುವ ಉಚ್ಚಾರಣೆ ಅನಿಸಬಹುದು. ಪದ ಸಿಕ್ಕಿತು, ವ್ಯವಸ್ಥೆ ಕೈ ಜಾರಿತು.

ಈ ತೊಡಕಿಗೆ ದಾರಿ ಬಹಳ ಹಿಂದೆಯೇ ಸಿಕ್ಕಿದೆ. ರಿವರ್ಸ್ ಅನ್ನುವ ವಿದ್ವಾಂಸ 1901-02ರಲ್ಲಿ ತೋಡರ ನಡುವೆ ಕೆಲಸ ಮಾಡುವಾಗ ಬಳಸಿದ ವಿಧಾನ ಅದು. ‘ಚಿಕ್ಕಪ್ಪನಿಗೆ ಏನಂತೀರಿ’ ಅಂತ ಕೇಳಬಾರದು. ಮೊದಲು ವಂಶಾವಳಿ ಬರೆಸಿಕೊಳ್ಳಬೇಕು, ಹೆಸರು ಹೆಸರಾಗಿ. ಆಮೇಲೆ ‘ಇವರನ್ನು ನೀವು ಏನಂತ ಕರೀತೀರಿ? ಅವರು ನಿಮ್ಮನ್ನು ಏನಂತ ಕರೀತಾರೆ?’ ಅಂತ ಒಬ್ಬೊಬ್ಬರ ಹೆಸರು ಹಿಡಿದು ಕೇಳಬೇಕು. ಆಗ ಕೇಳುವವರ ತಲೆಯೊಳಗಿನ ‘ಅಂಕಲ್’ ಅಥವಾ ‘ಚಾಚಾ’ ಹೇಳುವವರ ಮೇಲೆ ಕೂರುವುದಿಲ್ಲ. ಕುರುಖ್‌ನಂಥ ಭಾಷೆಗೆ ಇದಕ್ಕೆ ಇನ್ನೊಂದು ಪ್ರಶ್ನೆ ಸೇರಿಸಬೇಕು: ಅದೇ ಮನುಷ್ಯನ ಬಗ್ಗೆ ಮಗನ ಹತ್ತಿರ ಮಾತಾಡುವಾಗ ಏನಂತೀರಿ, ಊರವರ ಹತ್ತಿರ ಮಾತಾಡುವಾಗ ಏನಂತೀರಿ?

ಸರ್ಕಾರದ ಕಡೆಯಿಂದ ಏನೂ ಆಗಿಲ್ಲ ಅಂತಲ್ಲ. ಬಂಗಾಳ 2018ರಲ್ಲಿ ಕುರುಖ್‌ಗೆ ಅಧಿಕೃತ ಸ್ಥಾನ ಕೊಟ್ಟಿತು. ಜಾರ್ಖಂಡ್‌ನಲ್ಲೂ ಮಾನ್ಯತೆ ಇದೆ. ನಾರಾಯಣ ಒರಾಂವ್ ಅನ್ನುವ ವೈದ್ಯರು ರೂಪಿಸಿದ ‘ತೋಲೋಂಗ್ ಸಿಕಿ’ ಅನ್ನುವ ಸ್ವಂತ ಲಿಪಿ ಇದೆ. ಸಂವಿಧಾನದ 8ನೇ ಪರಿಚ್ಛೇದಕ್ಕೆ ಸೇರಿಸಬೇಕು ಅನ್ನುವ ಬೇಡಿಕೆ ಇದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಸಾಧ್ಯವಾದ ಕಡೆ 5ನೇ ತರಗತಿವರೆಗೆ ಮನೆಮಾತಿನಲ್ಲಿ ಪಾಠ ಇರಲಿ ಅನ್ನುತ್ತದೆ. ಇವೆಲ್ಲ ಬೇಕು. ಆದರೆ ಲಿಪಿ ಮತ್ತು ಮಾನ್ಯತೆಗೆ ಸಿಕ್ಕಷ್ಟು ಗಮನ ಮನೆಯೊಳಗಿನ ಮಾತಿಗೆ ಸಿಗುತ್ತಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಒಂದನೇ ತರಗತಿಯ ಪುಸ್ತಕದ ‘ನನ್ನ ಕುಟುಂಬ’ ಪಾಠವನ್ನೇ ತೆಗೆದುಕೊಳ್ಳಿ. ಚಿತ್ರದ ಕೆಳಗೆ ‘ಪಿತಾ’, ‘ಮಾತಾ’ ಅನ್ನುವುದಕ್ಕೆ ಒಂದೊಂದು ಕುರುಖ್ ಪದ ಹಾಕಿದರೆ ಅನುವಾದ ಮುಗಿಯಿತು ಅನಿಸುತ್ತದೆ. ಆದರೆ ಆ ಚಿತ್ರದಲ್ಲಿರುವುದು ಯಾರ ಅಪ್ಪ? ಚಿತ್ರದ ಹುಡುಗನ ಅಪ್ಪನಾದರೆ ‘ತಂಬಸ್’. ಹುಡುಗನೇ ಹೇಳುತ್ತಿದ್ದರೆ ‘ಎಂಬಸ್’. ಕುರುಖ್‌ನಲ್ಲಿ ಆ ಪಾಠ ಬರೆಯಬೇಕಾದರೆ ಚಿತ್ರದ ಬದಲು ಒಂದು ಪುಟ್ಟ ಸಂಭಾಷಣೆಯಿಂದ ಶುರು ಮಾಡಬೇಕು. ಭಾಷೆಯೇ ಹಾಗೆ ಕೇಳುತ್ತದೆ.

ಕರ್ನಾಟಕಕ್ಕೂ ಈ ಕೆಲಸ ಹೊರಗಿನದಲ್ಲ. ಜೇನು ಕುರುಬರು, ಕೊರಗರು, ಸೋಲಿಗರು, ಎರವರು ಮನೆಯಲ್ಲಿ ಆಡುವ ಮಾತುಗಳು ಕನ್ನಡಕ್ಕೆ, ತುಳುವಿಗೆ ಹತ್ತಿರ ಅನ್ನುವ ಕಾರಣಕ್ಕೇ ಅವನ್ನು ‘ಒಂಥರಾ ಕನ್ನಡ’ ಅಂತ ತಳ್ಳಿಹಾಕುವುದು ಸುಲಭ. ಸೆನ್ಸಸ್‌ನವರು 10 ಸಾವಿರಕ್ಕಿಂತ ಕಡಿಮೆ ಜನ ಮಾತಾಡುವ ಭಾಷೆಗಳ ಹೆಸರನ್ನು ಬೇರೆಯಾಗಿ ಪ್ರಕಟಿಸುವುದಿಲ್ಲ. ಮೈಸೂರಿನ ಭಾರತೀಯ ಭಾಷೆಗಳ ಕೇಂದ್ರ ಸಂಸ್ಥೆ ಇಂಥ ಸಣ್ಣ ಭಾಷೆಗಳಿಗೆಂದೇ 2013ರಲ್ಲಿ ದಾಖಲಾತಿ ಯೋಜನೆ ಶುರುಮಾಡಿತು. ಆ ಕೆಲಸಕ್ಕೆ ಹೋಗುವ ಹುಡುಗ ಹುಡುಗಿಯರಿಗೆ ನನ್ನದೊಂದು ಕೋರಿಕೆ ಇದೆ. ಹಾಡಿಗೆ, ಕಾಲೋನಿಗೆ ಹೋದಾಗ ಮೊದಲ ದಿನ ರೆಕಾರ್ಡರ್ ಆನ್ ಮಾಡಿ ಪದಪಟ್ಟಿ ತೆಗೆಯಬೇಡಿ. ಒಬ್ಬ ಅಜ್ಜಿಯ ಪಕ್ಕ ಕೂತು ಅವರ ಮನೆಯವರ ಹೆಸರುಗಳನ್ನು ಬರೆದುಕೊಳ್ಳಿ. ಸತ್ತವರು, ಮದುವೆಯಾಗಿ ಹೋದವರು, ತೋಟಕ್ಕೆ ಕೂಲಿಗೆ ಹೋದವರು ಎಲ್ಲರನ್ನೂ ಸೇರಿಸಿ. ಆಮೇಲೆ ಒಂದೊಂದು ಹೆಸರಿನ ಮೇಲೆ ಬೆರಳಿಟ್ಟು ಕೇಳಿ: ಇವರು ನಿಮಗೆ ಏನಾಗಬೇಕು, ಅಜ್ಜಿ? ನಿಮ್ಮ ಮೊಮ್ಮಗಳಿಗೆ ಹೇಳುವಾಗ ಇವರನ್ನು ಏನಂತ ಹೇಳ್ತೀರಿ?